ಬಾಗಿದ ಕೊಳವೆಯ ಸುಲ್ಮಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೆಲೊ ಪಟ್ಟಣದ ತಗ್ಗಿನ ಬೀದಿಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿದೆ. ಹಳ್ಳದ ಕಡೆಯಿಂದ ಬೀಸುವ ಗಾಳಿಗೆ ಸುಲ್ಮಾ ಬೆಂತಾಂಕೋರ್ ಅವರ ಹಿತ್ತಲ ಕೋಣೆಯ ತಗಡಿನ ಬಾಗಿಲು ಸಣ್ಣಗೆ ಅಲುಗುತ್ತದೆ. ಒಳಗೆ ಒಂದು ಬಲ್ಬು, ಒಂದು ಮರದ ಮೇಜು, ಒಂದು ಗ್ಯಾಸಿನ ಒಲೆ. ಅರವತ್ತು ದಾಟಿದ ಸುಲ್ಮಾ ಹೀರುಗೊಳವೆಯೊಂದರ ಬುಡವನ್ನು ಬೆಚ್ಚಗಿನ ನೀರಿನ ಲೋಟಕ್ಕೆ ಇಳಿಸಿ, ಮೇಲಿನ ತುದಿಯನ್ನು ತುಟಿಗಿಟ್ಟು, ಕಣ್ಣು ಮುಚ್ಚಿ ಎಳೆಯುತ್ತಾರೆ. ಬಾಯಿಗೆ ಬಂದ ನೀರನ್ನು ನುಂಗದೆ ಪಕ್ಕದ ಬಕೆಟ್ಟಿಗೆ ಉಗಿಯುತ್ತಾರೆ. ಮತ್ತೆ ಎಳೆಯುತ್ತಾರೆ. ತಲೆ ಸ್ವಲ್ಪ ಒಂದು ಪಕ್ಕಕ್ಕೆ ವಾಲಿರುತ್ತದೆ, ಗೋಡೆಯಾಚೆ ಯಾರೋ ಪಿಸುಗುಟ್ಟುವುದನ್ನು ಕೇಳಿಸಿಕೊಳ್ಳುವವರ ಹಾಗೆ.

"ಗಾಳಿ ಕುಡೀತಿದೆ ಇದು," ಎನ್ನುತ್ತಾರೆ, ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗಿ. "ಎಲ್ಲೋ ಕೂದಲಷ್ಟು ಸೀಳಿದೆ. ಕಣ್ಣಿಗೆ ಕಾಣಲ್ಲ, ನಾಲಗೆಗೆ ಗೊತ್ತಾಗತ್ತೆ."

ಆ ಕೊಳವೆಯನ್ನು ಬೆಸುಗೆಯ ಸಾಲಿಗೆ ಸೇರಿಸಿ ಮುಂದಿನದನ್ನು ಎತ್ತಿಕೊಳ್ಳುತ್ತಾರೆ. ಈ ಸೀಮೆಯಲ್ಲಿ ದಿನ ಶುರುವಾಗುವುದೇ ಚಹಾದ ಹಾಗೆ ಕುಡಿಯುವ ಮಾಟೆಯಿಂದ. ಸೋರೆಬುರುಡೆಯೊಳಗೆ ಪುಡಿಮಾಡಿದ ಸೊಪ್ಪು, ಅದರಲ್ಲಿ ನೆಟ್ಟ ಲೋಹದ ಕೊಳವೆ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು. ಒಬ್ಬರು ನೀರು ಹೊಯ್ಯುತ್ತಾರೆ, ಬುರುಡೆ ಕೈಯಿಂದ ಕೈಗೆ ಸುತ್ತು ಬರುತ್ತದೆ. ಅಪ್ಪ, ಅತ್ತೆ, ಕಾಗದ ಕೊಡಲು ಬಂದ ಪೋಸ್ಟಿನವನು, ಎಲ್ಲರ ಬಾಯಿಗೂ ಅದೇ ಕೊಳವೆ. ಅದು ಕಟ್ಟಿಕೊಂಡರೆ, ಬಿರಿದರೆ, ಬುಡದ ಜಾಲರಿ ಕಳಚಿದರೆ ಮೆಲೊದವರು ಸುಲ್ಮಾ ಅವರ ಹಿತ್ತಲಿಗೆ ಬರುತ್ತಾರೆ.

ಮೇಜಿನ ಮೂಲೆಯಲ್ಲಿ, ಮಡಿಸಿದ ಹಳೆಯ ಟವೆಲಿನ ಮೇಲೆ, ಉಳಿದವುಗಳಿಂದ ದೂರವಾಗಿ ಒಂದು ಕೊಳವೆ ಮಲಗಿದೆ. ಅದರ ಕತ್ತು ಬಾಗಿದೆ, ಬಾಯಿ ಚಪ್ಪಟೆಯಾಗಿದೆ. ಯಾರೋ ಮರೆತು ಅದರ ಮೇಲೆ ಕೂತುಬಿಟ್ಟಿದ್ದಾರೆ ಅನ್ನಿಸುತ್ತದೆ. ಸುಲ್ಮಾ ಬೇಕೆಂದೇ ಹಾಗೆ ಮಾಡಿದ್ದಾರೆ, ಎರಡು ಬೀದಿ ಮೇಲಿರುವ ಓರೊಸ್ಮಾನ್ ಸಿಲ್ವೇರಾ ಅವರಿಗಾಗಿ. ಓರೊಸ್ಮಾನ್ ಆಯಸ್ಸೆಲ್ಲ ಕುದುರೆಯ ಮೇಲೆ ಕೂತು ದನದ ಹಿಂಡು ಹೊಡೆದವರು. ಏಪ್ರಿಲ್ ತಿಂಗಳಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು, ಬಾಯಿಯ ಬಲಭಾಗ ಎಲ್ಲ ಸೋತವು. ಮಾತು ಹೋಯಿತು. ಈಗ ಆಗಸ್ಟ್, ಭೂಮಿಯ ಈ ದಕ್ಷಿಣ ಭಾಗದಲ್ಲಿ ಚಳಿಯ ತಿಂಗಳು. ನಡುವಿನ ಈ ಚಳಿಗಾಲವಿಡೀ ಅವರು ಒಂದು ಗುಟುಕು ಮಾಟೆ ಕುಡಿದಿಲ್ಲ. ಅಡುಗೆಮನೆಯಲ್ಲಿ ಬುರುಡೆ ಅವರ ಮೂಗಿನ ಮುಂದೆಯೇ ಹಾದು ಪಕ್ಕದವರ ಕೈಗೆ ಹೋಗುತ್ತದೆ. ಲಕ್ವಕ್ಕೆ ಮುಂಚೆ ಆ ಮನೆಯಲ್ಲಿ ನೀರು ಹೊಯ್ಯುತ್ತಿದ್ದವರು ಅವರೇ.

"ಭಾನುವಾರ ಅವರ ಮನೆಯವರೆಲ್ಲ ಸೇರ್ತಾರೆ. ಅವತ್ತಿಗೆ ಇದು ಸರಿಹೋಗ್ಬೇಕು," ಎನ್ನುತ್ತಾರೆ ಸುಲ್ಮಾ. "ಬುಧವಾರ ಒಂದ್ಸಲ ನೋಡಿದ್ವಿ. ಆಗ್ಲಿಲ್ಲ. ಎಲ್ಲಾ ಗಲ್ಲದ ಮೇಲೆ ಇಳೀತು. ಅವರು ಮುಖ ಗೋಡೆ ಕಡೆ ತಿರುಗಿಸ್ಕೊಂಡ್ಬಿಟ್ರು. ಇನ್ನೊಂದ್ಸಲ ಹಂಗೇ ಆದ್ರೆ ಆಯಪ್ಪ ಯಾವತ್ತೂ ಬಾಯಿ ತೆಗೆಯಲ್ಲ. ನಂಗೊತ್ತು ಆ ಥರದ ಗಂಡಸರನ್ನ. ಅಂಥೋರ ಜೊತೆನೇ ಸಂಸಾರ ಮಾಡ್ದೋಳು ನಾನು."

ಇವತ್ತು ಶುಕ್ರವಾರ.

ಏಳು ಗಂಟೆಯ ಹೊತ್ತಿಗೆ ಗಿರಾಕಿಗಳು ಬರತೊಡಗುತ್ತಾರೆ. ಮೊದಲು ಬರುವವನು ರಾತ್ರಿಪಾಳಿ ಮುಗಿಸಿದ ಟ್ಯಾಕ್ಸಿ ಡ್ರೈವರ್. ಬಾಗಿಲಲ್ಲೇ ನಿಂತು ಕೊಳವೆ ಚಾಚುತ್ತಾನೆ. ಊರವರೆಲ್ಲರ ಹಾಗೆ ಅವನೂ ಅವರನ್ನು ದೋನ್ಯಾ, ಅಂದರೆ ಅಮ್ಮಾವ್ರೇ, ಎಂದೇ ಕರೆಯುತ್ತಾನೆ.

"ದೋನ್ಯಾ ಸುಲ್ಮಾ, ಕಾಪಾಡಿ. ಎಷ್ಟು ಎಳೆದ್ರೂ ಬರ್ತಿಲ್ಲ. ನಿನ್ನೆಯಿಂದ ಕೆನ್ನೆ ನೋವು."

ಸುಲ್ಮಾ ಅದನ್ನು ಬಲ್ಬಿಗೆ ಹಿಡಿದು ನೋಡುತ್ತಾರೆ. "ಇದನ್ನ ತೊಳೆದಿದ್ದು ಯಾವಾಗ? ಮದ್ವೆಗೆ ಮುಂಚೆನಾ?"

"ಹೆಂಡ್ತಿ ತೊಳೀತಾಳೆ ಅಂದ್ಕೊಂಡಿದ್ದೆ."

"ಅವಳು ನೀನು ತೊಳೀತೀಯ ಅಂದ್ಕೊಂಡಿದ್ಲು. ಇದ್ರೊಳಗೆ ಬೀಜ ಹಾಕಿದ್ರೆ ಗಿಡ ಬರತ್ತೆ ಕಣೋ. ಕೂತ್ಕೋ."

ಹಳೆಯ ಗಿಟಾರಿನ ತಂತಿಯನ್ನು ಒಳಗೆ ತೂರಿಸಿ ಎಳೆದಾಗ ಕಪ್ಪು ಗಸಿ ಹುಳುವಿನಂತೆ ಹೊರಬರುತ್ತದೆ. ಡ್ರೈವರ್ ಮುಖ ಸಿಂಡರಿಸುತ್ತಾನೆ. "ಇದನ್ನಾ ನಾನು ಕುಡೀತಿದ್ದಿದ್ದು?" "ನಿನ್ನ ಟ್ಯಾಕ್ಸಿ ಹತ್ತಿದೋರೆಲ್ಲಾ ಕುಡಿದಿದಾರೆ," ಎನ್ನುತ್ತಾರೆ ಸುಲ್ಮಾ, ತಲೆ ಎತ್ತದೆ. ಆಮೇಲೆ ಬಟ್ಟೆಯಲ್ಲಿ ಬೂದಿ ಹಚ್ಚಿ ಕೊಳವೆಯನ್ನು ಉಜ್ಜುತ್ತಾರೆ. ಬಾಯಿತುದಿಯನ್ನು ಮಾತ್ರ ಮುಟ್ಟುವುದಿಲ್ಲ. ಅಲ್ಲಿ ಹಲ್ಲು ಕಚ್ಚಿದ ಸಣ್ಣ ಗುರುತುಗಳಿವೆ.

"ಅದು ನಮ್ಮಜ್ಜಿದು," ಎನ್ನುತ್ತಾನೆ ಡ್ರೈವರ್.

"ಗೊತ್ತು. ಅದಕ್ಕೇ ಬಿಟ್ಟೆ."

ದಿನಕ್ಕೆ ಹತ್ತು ಹನ್ನೆರಡು ಕೊಳವೆಗಳು ಹೀಗೆ ಬಂದು ಹೋಗುತ್ತವೆ. ಬಾಗಿಲಿಗೆ ಬೋರ್ಡಿಲ್ಲ. ಹೊಸ ಬೆಳ್ಳಿ ಕೊಳವೆ ಮಾಡಿದವನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಕಟ್ಟಿಕೊಂಡದ್ದನ್ನು ಬಿಡಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಕೆಲಸ ಚೆನ್ನಾಗಿ ಆಗಿದ್ದರೆ ಕೊಳವೆ ಕೆಟ್ಟಿತ್ತು ಎನ್ನುವುದೇ ಮೂರನೆಯ ಗುಟುಕಿಗೆ ಮರೆತುಹೋಗುತ್ತದೆ.

ಸುಲ್ಮಾ ಹುಟ್ಟಿದ್ದು ಫ್ರಾಯ್ಲೆ ಮುಯೆರ್ತೊ ಹತ್ತಿರದ ಹಳ್ಳಿಯೊಂದರಲ್ಲಿ. ತಾಯಿ ಊರವರ ಬಟ್ಟೆ ಒಗೆಯುತ್ತಿದ್ದರು. ಇಪ್ಪತ್ತರ ಹರೆಯದಲ್ಲಿ ಅಕ್ಕಸಾಲಿ ಅಮೀಲ್ಕಾರ್ ಅವರನ್ನು ಮದುವೆಯಾಗಿ ಮೆಲೊಗೆ ಬಂದರು. ಅಮೀಲ್ಕಾರ್ ಕೈ ಬೆಳ್ಳಿಯಲ್ಲಿ ಚೆನ್ನಾಗಿ ಆಡುತ್ತಿತ್ತು. ಚೂರಿಯ ಹಿಡಿ, ಕುದುರೆ ಸವಾರರ ಸೊಂಟಪಟ್ಟಿ, ಬೆಳ್ಳಿ ಕಟ್ಟಿದ ಸೋರೆಬುರುಡೆ. ದೂರದ ರಾಜಧಾನಿಯಿಂದ ಕೂಡ ಜನ ಹುಡುಕಿಕೊಂಡು ಬರುತ್ತಿದ್ದರು. ರಿಪೇರಿ ಅವರಿಗೆ ಹಿಡಿಸುತ್ತಿರಲಿಲ್ಲ. ಬೇರೆಯವರ ಎಂಜಲು ಬಳಿಯುವ ಕೆಲಸ ಎಂದು ಅದನ್ನು ಹೆಂಡತಿಯ ಕಡೆ ತಳ್ಳಿದರು.

"ಅವರು ಬೆಳ್ಳಿ ನೋಡ್ಕೊಂಡಿದ್ರು, ನಾನು ಗಸಿ ನೋಡ್ಕೊಂಡಿದ್ದೆ," ಎಂದು ಸುಲ್ಮಾ ನಗುತ್ತಾರೆ. "ಬೆಸುಗೆ ಹಾಕೋದು, ಬಿಳಿಗಾರ ಹಚ್ಚೋದು, ಊದೋದು, ಎಲ್ಲಾ ಅವರನ್ನ ನೋಡ್ಕೊಂಡೇ ಕಲ್ತಿದ್ದು. ಅವರು ಕಲಿಸ್ಲಿಲ್ಲ. ಆದ್ರೆ ನೋಡ್ಬೇಡ ಅಂತಾನೂ ಅನ್ಲಿಲ್ಲ."

ಒಂಬತ್ತು ವರ್ಷದ ಹಿಂದೆ ಅಮೀಲ್ಕಾರ್ ಅವರಿಗೂ ಲಕ್ವ ಹೊಡೆಯಿತು. ಈ ಮಾತಿಗೆ ಬರುವ ಹೊತ್ತಿಗೆ ಸುಲ್ಮಾ ಕೈಯಲ್ಲಿದ್ದ, ಲೋಹ ಉಜ್ಜುವ ಅರ ನಿಂತಿರುತ್ತದೆ. ಗ್ಯಾಸಿನ ಒಲೆಯ ಮೇಲಿನ ಕೆಟಲ್ಲು ಕುದಿಯುವ ಮೊದಲಿನ ಸಣ್ಣ ಸದ್ದು ಮಾಡತೊಡಗಿದಾಗ ಎದ್ದು ಉರಿ ತಗ್ಗಿಸಿ ಬಂದು ಕೂರುತ್ತಾರೆ.

"ನಾನು ಅವರಿಗೆ ಅಂತ ಒಂದು ಪುಟ್ಟ ಬುರುಡೆ ತಂದೆ. ಚೆಂದದ್ದು. ಕೊಳವೆ ತುದಿಗೆ ಮೆತ್ತಗೆ ರಬ್ಬರ್ ಕಟ್ಟಿದೆ. ಮೂರು ದಿನ ಕೂತು ಮಾಡಿದ್ದೆ. ಅವರ ತಮ್ಮಂದಿರೆಲ್ಲ ಬಂದಿದ್ರು, ಸುತ್ತು ನಡೀತಿತ್ತು. ನಾನು ಇದನ್ನ ಅವರ ಮುಂದೆ ಇಟ್ಟು, ನಿಮಗೇ ಅಂತ ಬೇರೆ ಮಾಡಿದೀನಿ ಅಂದೆ."

ಅರವನ್ನು ಪಕ್ಕಕ್ಕಿಟ್ಟು, ಮೇಜಿನ ಮೇಲಿನ ಲೋಹದ ಪುಡಿಯನ್ನು ಅಂಗೈಯಿಂದ ಸರಿಸುತ್ತಾರೆ.

"ಅವರು ಅದನ್ನ ನೋಡಿದ್ರು. ತಮ್ಮಂದಿರ ಕೈಲಿ ಸುತ್ತು ಬರ್ತಿದ್ದ ಬುರುಡೆ ನೋಡಿದ್ರು. ಆಮೇಲೆ ನನ್ನನ್ನ. ಎಡಗೈಲಿ ಮೆಲ್ಲಗೆ ತಳ್ಳಿದ್ರು. ಕೆಳಗೆ ಬಿತ್ತು. ಸಿಟ್ಟು ಮಾಡ್ಲಿಲ್ಲ. ಸಿಟ್ಟು ಮಾಡಿದ್ರೆ ನಂಗೆ ಅರ್ಥ ಆಗ್ತಿತ್ತೇನೋ. ಮತ್ತೆ ಯಾವತ್ತೂ ಮಾಟೆ ಬೇಕು ಅಂತ ಕೇಳ್ಲಿಲ್ಲ. ವಸಂತ ಬರೋ ಅಷ್ಟರಲ್ಲಿ ಹೋಗ್ಬಿಟ್ರು."

ಬುರುಡೆ ಬೇರೆ ಮಾಡುವುದೆಂದರೆ ಮನುಷ್ಯನನ್ನೇ ಬೇರೆ ಕೂರಿಸುವುದು ಎಂದು ಸುಲ್ಮಾ ಅವರಿಗೆ ಹೊಳೆದದ್ದು ಅಮೀಲ್ಕಾರ್ ಹೋದಮೇಲೆ, ಒಬ್ಬರೇ ಕೂತು ಕುಡಿಯುವ ಬೆಳಗಿನಲ್ಲಿ. "ಮನೆಯವರೆಲ್ಲ ಅವರಿಗೆ ಏನೂ ಕಮ್ಮಿ ಮಾಡ್ಬಾರ್ದು ಅಂತ ಓಡಾಡ್ತಿದ್ವಿ. ಅವರಿಗೆ ಬೇಕಿದ್ದಿದ್ದು ಅಷ್ಟೊಂದಲ್ಲ. ನಾವು ಯಾವುದ್ರಲ್ಲಿ ಕುಡೀತೀವೋ ಅದ್ರಲ್ಲಿ ಒಂದು ಗುಟುಕು."

ಎರಡು ವರ್ಷ ಕಳೆದ ಮೇಲೆ ಬೇಕರಿಯ ಒಫೇಲಿಯಾ ಬಂದರು. ಭಟ್ಟಿಯ ಸೆಖೆಯಿಂದ ಒಮ್ಮೆಗೇ ಚಳಿಗಾಳಿಗೆ ಹೋದದ್ದೇ ಕಾರಣ ಎಂದು ಅವರ ವಾದ. ಕಾರಣ ಏನೋ, ಮುಖದ ಒಂದು ಪಕ್ಕ ಜೋತುಬಿದ್ದಿತ್ತು. ಬೇಕರಿಯಲ್ಲಿ ಬೆಳಗಿನ ಸುತ್ತು ಬಂದಾಗ ನೆಪ ಹೇಳಿ ಹಿಟ್ಟಿನ ಕೋಣೆಗೆ ಹೋಗಿಬಿಡುತ್ತಿದ್ದರು. ಸುಲ್ಮಾ ಒಫೇಲಿಯಾಗೆ ಬೇರೆ ಕೊಳವೆ ಮಾಡಿಕೊಡಲಿಲ್ಲ. ಬೇಕರಿಯವರೆಲ್ಲ ಕುಡಿಯುವ ಕೊಳವೆಯನ್ನೇ ತರಿಸಿ, ಅದರ ಕತ್ತನ್ನು ಒಫೇಲಿಯಾ ಬಾಯಿಗೆ ಹೊಂದುವಂತೆ ಬಾಗಿಸಿ ವಾಪಸು ಕಳಿಸಿದರು. ನೆಟ್ಟಗಿನ ಬಾಯಿಯವರು ಹೇಗೋ ಹೊಂದಿಸಿಕೊಳ್ಳಲಿ ಎಂದು. ಬ್ರೆಡ್ಡು ಸುಡುವವರು ಮೊದಲ ವಾರ ಬೈದುಕೊಂಡು ಕುಡಿದರು, ಆಮೇಲೆ ಬೈಯದೆ ಕುಡಿದರು. ಮುಖ ಸರಿಹೋದಾಗ ಒಫೇಲಿಯಾ ತಾವೇ ಬಿಸಿ ಬ್ರೆಡ್ಡಿನ ಪೊಟ್ಟಣದೊಂದಿಗೆ ಬಂದು ಕೊಳವೆ ನೆಟ್ಟಗೆ ಮಾಡಿಸಿಕೊಂಡು ಹೋದರು.

ಅಲ್ಲಿಂದ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಲಕ್ವ ಹೊಡೆದವರು, ದವಡೆ ಆಪರೇಷನ್ ಆದವರು, ಕೈ ನಡುಗುವವರು. ಪ್ರತಿ ಮನೆಯಲ್ಲೂ ಸುಲ್ಮಾ ಹಾಕುವುದು ಒಂದೇ ಷರತ್ತು. ರೋಗಿಗೆ ಅಂತ ಪ್ರತ್ಯೇಕ ಕೊಳವೆ ಮಾಡುವುದಿಲ್ಲ, ಮನೆಯವರೆಲ್ಲ ಕುಡಿಯುವುದನ್ನೇ ತರಬೇಕು. ಕೆಲವರಿಗೆ ಇದು ಹಿಡಿಸುವುದಿಲ್ಲ. ಹೋದ ವರ್ಷ ದೊಡ್ಡ ಕಾರಿನಲ್ಲಿ ಬಂದ ಒಬ್ಬರು, "ಅಪ್ಪನಿಗೆ ಒಂದು ಮಾಡಿಕೊಡಿ ಸಾಕು, ನಮ್ಮದು ಬೆಳ್ಳಿಯದು, ಹಾಳಾಗೋದು ಬೇಡ" ಎಂದರಂತೆ. "ಹಾಗಾದ್ರೆ ನಿಮ್ಮಪ್ಪನಿಗೆ ಕಾಫಿ ಕೊಡಿ" ಎಂದು ಇವರು ಬಾಗಿಲು ಮುಚ್ಚಿದರು. ಒಳ್ಳೆಯ ಕೊಳವೆ ಕೆಡಿಸುವ ಹೆಂಗಸು ಎಂದು ಪೇಟೆಯ ಅಕ್ಕಸಾಲಿಗಳು ಆಡಿಕೊಳ್ಳುತ್ತಾರೆ. ಅದು ಸುಲ್ಮಾ ಕಿವಿಗೂ ಬಿದ್ದಿದೆ.

ಓರೊಸ್ಮಾನ್ ಮನೆಯ ಕೊಳವೆ ಜರ್ಮನ್ ಸಿಲ್ವರಿನದು. ಅವರ ತಾಯಿ ಕೊಟ್ಟದ್ದು, ಸವೆದು ತೆಳ್ಳಗಾಗಿದೆ. ಅದನ್ನು ಎರಡು ವಾರದ ಹಿಂದೆ ಸುಲ್ಮಾ ಮೇಜಿನ ಮೇಲೆ ತಂದಿಟ್ಟವರು ಓರೊಸ್ಮಾನ್ ಹೆಂಡತಿ ನೀಲ್ದಾ. ಅವರು ಆಸ್ಪತ್ರೆಯ ಸೂಚನೆಗಳನ್ನು ಚೀಟಿ ಓದುವ ಹಾಗೆ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನುಂಗುವುದನ್ನು ಮತ್ತೆ ಕಲಿಸುವ ಆಸ್ಪತ್ರೆಯ ಹುಡುಗಿ ಈಗ ನೀರು ಕುಡಿಯಬಹುದು ಎಂದಿದ್ದಾಳೆ. ಬಿಸಿ ಬೇಡ, ಉಗುರು ಬೆಚ್ಚಗಿರಬೇಕು, ತುಟಿ ಸುಟ್ಟರೂ ಗೊತ್ತಾಗುವುದಿಲ್ಲ. ಗದ್ದ ಕೆಳಗೆ ಮಾಡಿ ಚೂರುಚೂರೇ ಎಳೆಯಬೇಕು. ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಬೇಕು.

ಸುಲ್ಮಾ ಆ ಮನೆಗೆ ಹೋಗಿ ಅಳತೆ ತೆಗೆದರು. ತೆಳು ಕಾಗದದ ಪಟ್ಟಿಯನ್ನು ಓರೊಸ್ಮಾನ್ ತುಟಿಗಳ ನಡುವೆ ಇಟ್ಟು, ಎಡದಿಂದ ಬಲಕ್ಕೆ ಒಂದೊಂದೇ ಕಡೆ ಮೆಲ್ಲಗೆ ಜಗ್ಗಿ ನೋಡಿದರು. ಎಡದಲ್ಲಿ ತುಟಿ ಕಾಗದವನ್ನು ಹಿಡಿದುಕೊಂಡಿತು. ನಡುವಿನಾಚೆ ಬಿಟ್ಟುಕೊಟ್ಟಿತು. ಆಮೇಲೆ ಬುರುಡೆಯಲ್ಲಿ ಕೊಳವೆ ನೆಟ್ಟು, ತುದಿಗೆ ಜೇನುಮೇಣ ಮೆತ್ತಿ, ಎಡತುದಿಯ ತುಟಿಗೆ ಒತ್ತಿ ಅಚ್ಚು ತೆಗೆದುಕೊಂಡರು. ಆ ಅಚ್ಚಿನ ಪ್ರಕಾರ ಮಾಡಿದ್ದೇ ಬುಧವಾರ ಸೋರಿಹೋಯಿತು.

ಎಲ್ಲಿ ತಪ್ಪಿತು ಎಂದು ಗೊತ್ತಾದದ್ದು ನಿನ್ನೆ. ಸುಲ್ಮಾ ತಮ್ಮ ಬಲಗೈಯನ್ನು ಶಾಲಿನಿಂದ ಮೈಗೆ ಕಟ್ಟಿಕೊಂಡು, ಎಡಗೈಯಲ್ಲಿ ಬುರುಡೆ ಹಿಡಿದು ಕನ್ನಡಿ ಮುಂದೆ ಕೂತರು. ಒಂಟಿ ಎಡಗೈಯಲ್ಲಿ ಎತ್ತಿದ ಬುರುಡೆ ಎದೆಯ ಎಡಭಾಗಕ್ಕೆ ಒರಗುತ್ತದೆ. ಕೊಳವೆ ಅಲ್ಲಿಂದಲೇ ಮೇಲೇಳುತ್ತದೆ. ಎಡಕ್ಕೆ ಬಾಗಿಸಿದ ಕತ್ತು ಬಾಯಿಯನ್ನು ಬಿಟ್ಟು ಕೆನ್ನೆಗೆ ಹೋಗಿ ಚುಚ್ಚುತ್ತದೆ.

"ಅಳತೆ ತಗೊಳ್ಳೋವಾಗ ಬುರುಡೆ ಹಿಡ್ಕೊಂಡಿದ್ದು ನಾನು," ಎನ್ನುತ್ತಾರೆ. ಧ್ವನಿಯಲ್ಲಿ ತಮ್ಮ ಮೇಲೇ ಮುನಿಸು. "ಅವರ ಮುಖದ ಎದುರಿಗೆ, ನೆಟ್ಟಗೆ, ಮಗೂಗೆ ಗಂಜಿ ಕುಡಿಸೋ ಹಾಗೆ. ಅವರ ಕೈಗೆ ಕೊಡ್ಲೇ ಇಲ್ಲ. ಇಷ್ಟು ವರ್ಷ ಆದ್ರೂ ನಾನು ಅದೇ ನಾನು, ನೋಡಿ. ಮಾಟೆಯನ್ನ ಯಾರಾದ್ರೂ ಕುಡಿಸ್ತಾರಾ? ಕೈಗೆ ಕೊಡ್ತಾರೆ."

ಈಗ ಅದೇ ಕೊಳವೆಯ ಕತ್ತನ್ನು ನೆಟ್ಟಗೆ ಮಾಡಿ, ಇನ್ನೊಂದು ಕಡೆಗೆ ಬಾಗಿಸಬೇಕು. ಒಮ್ಮೆ ಬಾಗಿದ ಹಳೆಯ ಲೋಹ ಎರಡನೆಯ ಸಲ ಬಾಗುತ್ತದೆಂಬ ಖಾತ್ರಿಯಿಲ್ಲ. ಬಿರಿದರೆ ಓರೊಸ್ಮಾನ್ ತಾಯಿಯ ಕೊಳವೆಯೂ ಇಲ್ಲ, ಭಾನುವಾರವೂ ಇಲ್ಲ. ಲೋಹ ಮೆತ್ತಗಾಗಲೆಂದು ಸುಲ್ಮಾ ಉರಿಯ ಮೇಲೆ ಅದನ್ನು ಕೆಂಡದ ಬಣ್ಣ ಬರುವವರೆಗೆ ಹಿಡಿಯುತ್ತಾರೆ, ನೀರಿಗೆ ಅದ್ದುತ್ತಾರೆ. ಚುಂಯ್ ಎನ್ನುತ್ತದೆ. ಒಳಗೆ ಒಣ ಮರಳು ತುಂಬಿ, ಎರಡೂ ತುದಿಗೆ ಬಿರಡೆ ಹಾಕುತ್ತಾರೆ. ಮರಳಿಲ್ಲದೆ ಬಾಗಿಸಿದರೆ ಕೊಳವೆ ಮಡಿಚಿ ಒಳದಾರಿ ಮುಚ್ಚಿಹೋಗುತ್ತದೆ. ಆಮೇಲೆ ಮೇಜಿಗೆ ಹೊಡೆದ ಮರದ ಗೂಟಕ್ಕೆ ಒರಗಿಸಿ, ಎರಡು ಹೆಬ್ಬೆರಳಿನಿಂದ ಒತ್ತುತ್ತಾರೆ. ಒತ್ತುವುದು ಕಾಣುವುದೇ ಇಲ್ಲ. ಉಸಿರು ಬಿಗಿಹಿಡಿದದ್ದು ಮಾತ್ರ ಕಾಣುತ್ತದೆ. ಹೊರಗೆ ಯಾರೋ ಬಂದು ಬಾಗಿಲು ಬಡಿದು, ಉತ್ತರ ಬಾರದೆ, ಕಾಯುತ್ತ ನಿಲ್ಲುತ್ತಾರೆ.

ಬಾಗಿದ ಜಾಗದ ಹೊರಮೈಯಲ್ಲಿ ಕೂದಲಷ್ಟು ತೆಳುವಾದ ಬಿರುಕಿನ ಗೆರೆಯೊಂದು ಮೂಡುತ್ತದೆ. ಸುಲ್ಮಾ ಅದನ್ನು ಉಗುರಿನಿಂದ ತಡವುತ್ತಾರೆ. ತಗಡಿನ ಸಣ್ಣ ಉಂಗುರವೊಂದನ್ನು ಕತ್ತರಿಸಿ, ಆ ಗೆರೆಯ ಮೇಲೆ ಕೂರಿಸಿ ಬೆಸುಗೆ ಹಾಕುತ್ತಾರೆ. ಮರಳು ಸುರಿದು, ತೊಳೆದು, ಬೆಚ್ಚಗಿನ ನೀರಿಗಿಟ್ಟು ಕಣ್ಣು ಮುಚ್ಚಿ ಎಳೆಯುತ್ತಾರೆ. ಒಂದು ಸಲ. ಇನ್ನೊಂದು ಸಲ.

"ಗಾಳಿ ಇಲ್ಲ," ಎನ್ನುತ್ತಾರೆ.

ಭಾನುವಾರ ಬೆಳಿಗ್ಗೆ ಸಿಲ್ವೇರಾ ಮನೆಯ ಅಡುಗೆಮನೆಯಲ್ಲಿ ಕಟ್ಟಿಗೆಯ ಒಲೆ ಉರಿಯುತ್ತಿದೆ. ಒಲೆಯ ಮೇಲೆ ಕಿತ್ತಳೆ ಸಿಪ್ಪೆ ಒಣಗಿ ಘಮಘಮ ಎನ್ನುತ್ತಿದೆ. ನೀಲ್ದಾ ಇದ್ದಾರೆ, ಮಗಳು ಮಿರ್ತಾ ಇದ್ದಾಳೆ, ಅವಳ ಗಂಡ ಲಾರಿ ಓಡಿಸುವ ವಿಲ್ಮಾರ್ ಇದ್ದಾನೆ. ಓರೊಸ್ಮಾನ್ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದಾರೆ. ಯಾರೋ ಅವರ ಕೂದಲನ್ನು ನೀರು ಹಚ್ಚಿ ಬಾಚಿದ್ದಾರೆ. ಅವರು ಯಾರನ್ನೂ ನೋಡುತ್ತಿಲ್ಲ. ಸುಲ್ಮಾ ಬಾಗಿಲ ಬಳಿ ನಿಂತಿದ್ದಾರೆ. ಕೂರಿ ಎಂದರೂ ಕೂರುವುದಿಲ್ಲ.

ವಿಲ್ಮಾರ್ ಬುರುಡೆಯೊಳಗೆ ಇಣುಕುತ್ತಾನೆ. "ಇದೇನತ್ತೆ ಇದು? ಕಡ್ಡಿ ಸೊಪ್ಪು! ನದಿ ಆಚೆ ಅರ್ಜೆಂಟೀನಾದೋರು ಕುಡಿಯೋದು! ನಮ್ಮನೆಗೆ ಇಂಥ ಕಾಲ ಬಂತಾ?"

"ನಮ್ಮ ಪುಡಿ ಕಟ್ಕೊಳ್ಳತ್ತೆ, ನಿಮ್ಮ ಮಾವಂಗೆ ಎಳೆಯಕ್ಕಾಗಲ್ಲ ಅಂತ ದೋನ್ಯಾ ಸುಲ್ಮಾ ಹೇಳಿದಾರೆ. ನೀನು ಬಾಯಿ ಮುಚ್ಕೊಂಡು ಕುಡಿ," ಎನ್ನುತ್ತಾರೆ ನೀಲ್ದಾ.

"ಬಾಯಿ ಮುಚ್ಕೊಂಡು ಹೆಂಗೆ ಕುಡಿಯೋದು ಅತ್ತೆ?"

"ಅಪ್ಪ ಕೇಳಿಸ್ಕೋತಿದಾರೆ, ಸುಮ್ನಿರಿ," ಎಂದು ಮಿರ್ತಾ ಗಂಡನ ತೊಡೆ ಚಿವುಟುತ್ತಾಳೆ.

ಮೊದಲ ನೀರು ಹೊಯ್ದವರದು. ನೀಲ್ದಾ ತಾವೇ ಕುಡಿಯುತ್ತಾರೆ. ಕತ್ತು ಒಂದು ಕಡೆ ಓರೆ ಮಾಡಬೇಕು, ತುಟಿಯನ್ನು ಇನ್ನೊಂದು ಕಡೆ. ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ದಾರಿ ಸಿಗುತ್ತದೆ. ಮತ್ತೆ ನೀರು ಹೊಯ್ಯುವ ಮೊದಲು ಫ್ಲಾಸ್ಕಿನಿಂದ ಒಂದು ಹನಿ ಮಣಿಕಟ್ಟಿಗೆ ಬಿಟ್ಟು ನೋಡುತ್ತಾರೆ. ಅರ್ಧ ತುಂಬಿಸಿ, ಗಂಡನ ಎಡಗೈಯೊಳಗೆ ಬುರುಡೆ ಇಟ್ಟು ಕೈ ತೆಗೆಯುತ್ತಾರೆ.

ಆಗ ಎಲ್ಲರಿಗೂ ನೋಡಲು ಬೇರೆ ಏನೋ ಸಿಗುತ್ತದೆ. ಮಿರ್ತಾ ಮೇಜಿನ ಮೇಲಿನ ತುಣುಕುಗಳನ್ನು ಒಟ್ಟುಮಾಡುತ್ತಾಳೆ. ವಿಲ್ಮಾರ್ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟುತ್ತಾನೆ. ನೀಲ್ದಾ ಒಲೆಗೆ ಬೇಕಿಲ್ಲದ ಕಟ್ಟಿಗೆ ಹಾಕುತ್ತಾರೆ. ಕುದುರೆಯ ಹತ್ತಿರ ಮೊದಲ ಸಲ ಹೋಗುವವರು ಅದರ ಕಣ್ಣನ್ನು ನೇರ ನೋಡದೆ ಇರುವ ಹಾಗೆ, ಆ ಮನೆ ಇಡೀ ಓರೊಸ್ಮಾನರನ್ನು ನೋಡದೆ ಕಾಯುತ್ತದೆ. ನೋಡುವವರು ಸುಲ್ಮಾ ಒಬ್ಬರೇ. ಅವರು ನೋಡಲೇಬೇಕು.

ಬುರುಡೆ ಎದೆಗೆ ಒರಗುತ್ತದೆ. ಕೊಳವೆಯ ಕತ್ತು ಒಳಕ್ಕೆ ಬಾಗಿ ತುಟಿಯ ಎಡತುದಿಗೆ ಬಂದು ಕೂರುತ್ತದೆ. ಮೊದಲು ಗಾಳಿಯ ಸದ್ದು. ಆಮೇಲೆ ಸದ್ದಿಲ್ಲ. ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗಿಳಿಯುತ್ತದೆ. ಒಂದು ಕೆಮ್ಮು. ಮಿರ್ತಾ ಅರ್ಧ ಎದ್ದು ನಿಲ್ಲುತ್ತಾಳೆ, ನೀಲ್ದಾ ಬುರುಡೆಗೆ ಕೈ ಚಾಚುತ್ತಾರೆ. ಓರೊಸ್ಮಾನ್ ಬುರುಡೆ ಕೊಡುವುದಿಲ್ಲ. ಹಿಡಿದ ಕೈಯ ತೋರುಬೆರಳನ್ನಷ್ಟೇ ಎತ್ತುತ್ತಾರೆ, ತಡೆಯಿರಿ ಎನ್ನುವಂತೆ. ಕೆಮ್ಮು ಒಂದಕ್ಕೇ ನಿಂತಿದೆ. ಅವರು ಕಾಯುತ್ತಾರೆ, ಎಲ್ಲರೂ ಕಾಯುತ್ತಾರೆ. ಗದ್ದ ಕೆಳಗೆ ಮಾಡಿ ಮತ್ತೆ ಎಳೆಯುತ್ತಾರೆ, ಚೂರೇ ಚೂರು. ಮತ್ತೊಂದು ಚೂರು. ಅವಸರವಿಲ್ಲ. ಕೊನೆಗೆ ಬುರುಡೆಯ ತಳ ಬರಿದಾದಾಗ ಏಳುವ ಆ ಗೊರಗೊರ ಸದ್ದು ಅಡುಗೆಮನೆಯಲ್ಲಿ ಕೇಳಿಸುತ್ತದೆ. ಬಾಯಿಯ ಬಲಮೂಲೆಯಲ್ಲಿ ಒಂದು ಹನಿ ನಿಂತಿದೆ. ಅದನ್ನು ಓರೊಸ್ಮಾನ್ ತಾವೇ ತೋಳಿಗೆ ಒರೆಸಿಕೊಂಡು ಬುರುಡೆಯನ್ನು ಹೆಂಡತಿಯ ಕಡೆ ಚಾಚುತ್ತಾರೆ.

ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಯಾರೂ ಹೊಗಳುವುದಿಲ್ಲ. ನೀಲ್ದಾ ನೀರು ಹೊಯ್ದು ಮುಂದಿನವನಿಗೆ ಕೊಡುತ್ತಾರೆ. ಮುಂದಿನವನು ವಿಲ್ಮಾರ್. ಅವನು ಬಲಗೈಯವನು, ನೆಟ್ಟಗಿನ ಬಾಯಿಯವನು, ಆತುರದವನು. ಮೊದಲ ಎಳೆತಕ್ಕೇ ಅಂಗಿಯ ಮೇಲೆಲ್ಲ ಹಸಿರು ನೀರು.

"ಥೂ! ಇದನ್ನ ಕುಡಿಯಕ್ಕೆ ನಂಗೂ ಆ ಆಸ್ಪತ್ರೆ ಹುಡುಗೀನೇ ಬರ್ಬೇಕು!"

"ಮೂವತ್ತು ವರ್ಷದಿಂದ ಲಾರಿ ತಿರುಗಿಸ್ತಾನೆ, ಒಂದು ಕೊಳವೆ ತಿರುಗ್ಸಕ್ಕೆ ಬರಲ್ಲ," ಎನ್ನುತ್ತಾಳೆ ಮಿರ್ತಾ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಓರೊಸ್ಮಾನರ ಭುಜ ಅಲುಗುತ್ತದೆ. ನಗು ಮುಖದ ಒಂದೇ ಪಕ್ಕಕ್ಕೆ ಬಂದಿದೆ. ಅದು ನಗುವೇ ಎಂಬುದರಲ್ಲಿ ಅನುಮಾನವಿಲ್ಲ.

ಸುಲ್ಮಾ ಸರದಿಯೂ ಬರುತ್ತದೆ. ನಿಂತುಕೊಂಡೇ ಕುಡಿಯುತ್ತಾರೆ. ಮಾಡಿದವರೇ ಆದರೂ ಗದ್ದ ಒದ್ದೆಯಾಗುತ್ತದೆ. ಎರಡನೆಯ ಸುತ್ತಿನಲ್ಲಿ ಬುರುಡೆ ಓರೊಸ್ಮಾನ್ ಕೈಗೆ ಬಂದಾಗ ಯಾರೂ ಶೂ ಲೇಸ್ ಕಟ್ಟುವುದಿಲ್ಲ, ಯಾರೂ ಒಲೆ ಕೆದಕುವುದಿಲ್ಲ. ಸಂತೆಯಲ್ಲಿ ಕುರಿಯ ಬೆಲೆ ಬಿದ್ದ ಮಾತು ನಡೆದಿದೆ. ಅವರು ಕುಡಿದು, ಬುರುಡೆ ಇಳಿಸಿ, ಹುಬ್ಬು ಗಂಟಿಕ್ಕುತ್ತಾರೆ. ತುಟಿ ಅಲುಗುತ್ತದೆ. ಏಪ್ರಿಲ್ಲಿನಿಂದ ಅವರ ಬಾಯಿಂದ "ಇಲ್ಲ" ಎನ್ನುವ ಒಂದು ಪದ ಬಿಟ್ಟರೆ ಇನ್ನೇನೂ ಹೊರಟಿಲ್ಲ.

"ತ... ತಣ್ಣಗೆ."

ನೀಲ್ದಾ ಕೈಯಲ್ಲಿ ಫ್ಲಾಸ್ಕು ಹಿಡಿದು ನಿಲ್ಲುತ್ತಾರೆ. "ಏನಂದೆ?"

"ತಣ್ಣಗೆ," ಎನ್ನುತ್ತಾರೆ ಓರೊಸ್ಮಾನ್, ಈ ಸಲ ಇನ್ನಷ್ಟು ಅಸಮಾಧಾನದಿಂದ.

"ಚಳಿಗಾಲ ಪೂರ್ತಿ ಬಾಯಿ ಬಿಡ್ದೆ ಕೂತಿದ್ದು ನನ್ನ ನೀರಿಗೆ ಹೆಸರಿಡಕ್ಕಾ, ಮುದುಕಾ?" ನೀಲ್ದಾ ದನಿ ಜೋರಾಗಿದೆ. ಕಣ್ಣನ್ನು ಏಪ್ರನ್ನಿನ ಅಂಚಿಗೆ ಒತ್ತಿಕೊಳ್ಳುತ್ತಾರೆ. "ಬಿಸಿ ಬೇಕಾದ್ರೆ ಆ ಹುಡುಗೀನ ಕೇಳು. ನಾನು ಕೊಡಲ್ಲ. ಇದೇ ಕುಡಿ!" ಎನ್ನುತ್ತ ಅದೇ ಉಗುರು ಬೆಚ್ಚಗಿನ ನೀರನ್ನೇ ಮತ್ತೆ ಹೊಯ್ಯುತ್ತಾರೆ. ಓರೊಸ್ಮಾನ್ ಗೊಣಗುತ್ತಲೇ ಕೈ ಚಾಚುತ್ತಾರೆ.

ಆ ಗಲಾಟೆಯ ನಡುವೆ ಸುಲ್ಮಾ ಮೆಲ್ಲಗೆ ಹೊರಡುತ್ತಾರೆ. ಇಬ್ಬನಿ ಕರಗಿ ಬೀದಿ ಒದ್ದೆಯಾಗಿದೆ. ಮೂಲೆಯ ಅಂಗಡಿ ದಾಟಿದ ಮೇಲೆ, ನೀವು ಮಾಡುವ ಕೆಲಸ ನಾಲ್ಕು ಜನಕ್ಕೆ ಗೊತ್ತಾಗಬೇಕು ಅನ್ನಿಸುವುದಿಲ್ಲವೇ ಎಂದು ಜೊತೆಗೆ ನಡೆಯುತ್ತಿರುವ ನಾನು ಕೇಳಿದ ಪ್ರಶ್ನೆಗೆ ಉತ್ತರ ಬರುತ್ತದೆ.

"ಗೊತ್ತಾಗಿ ಏನಾಗ್ಬೇಕು? ನಂದೊಂದು ಆಸೆ ಇದೆ, ಕೇಳಿ. ಒಂದು ತಿಂಗಳು ಬಿಟ್ಟು ಆ ಮನೆಗೆ ಯಾರಾದ್ರೂ ಹೊಸಬ್ರು ಬರ್ಬೇಕು. ಬುರುಡೆ ಕೈಗೆ ತಗೊಂಡು, 'ಇದ್ಯಾಕೆ ಹಿಂಗೆ ಸೊಟ್ಟಗಿದೆ?' ಅಂತ ಕೇಳ್ಬೇಕು. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡು, 'ಹೌದಾ? ಸೊಟ್ಟಗಿದೆಯಾ?' ಅನ್ಬೇಕು."